ನಿಂತ ಪ್ರಯಾಣಿಕರು, ಸೋರುವ ಟ್ಯಾಂಕು

ನನ್ನ ಪುಟ್ಟ ರೈಲ್ವೆ ಸ್ಟೇಷನ್ನಿಗೆ ಬೇಕಾಗಿದ್ದದ್ದು ಒಂದು ಬೆಂಚು. ಮೇಜಿನ ಮೇಲೆ ಹಳಿ ಇತ್ತು, ಇಂಜಿನ್ ಇತ್ತು, ಪ್ಲಾಟ್‌ಫಾರ್ಮಿನಲ್ಲಿ 14 ಜನ ಪ್ರಯಾಣಿಕರೂ ಇದ್ದರು. ಎಲ್ಲರೂ ವರ್ಷಗಟ್ಟಲೆಯಿಂದ ನಿಂತೇ ಇದ್ದರು. ಪಾಪ ಅನ್ನಿಸಿತು. ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಅಂಟಿಸಿದ್ದರೆ ಒಂದು ಸಂಜೆಯ ಕೆಲಸ. ನಾನು ರೆಸಿನ್ ಅನ್ನೋ ದ್ರವದಿಂದ ವಸ್ತು ಮಾಡುವ 3ಡಿ ಪ್ರಿಂಟರ್ ತಂದೆ.

ನಮ್ಮ ಸ್ಟೇಷನ್ನಿನ ಅಳತೆ 1:87. ನಿಜವಾದ ಬೆಂಚೊಂದನ್ನು ಟೇಪಿನಲ್ಲಿ ಅಳೆದೆ, 60 ಇಂಚು ಉದ್ದ. ಮೂರು ರಾತ್ರಿ ಕಂಪ್ಯೂಟರ್ ಮುಂದೆ ಕೂತು, ಸ್ಕ್ರೂವಿನ ತಲೆ ಸಮೇತ ಬಿಡಿಸಿದೆ. 87ರಿಂದ ಭಾಗಿಸಿ, ವಸ್ತುವಿನ ಆಕಾರ ಹಿಡಿದಿಡುವ ಎಸ್‌ಟಿಎಲ್ ಫೈಲ್ ಮಾಡಿ, ಅದನ್ನು ಪ್ರಿಂಟರ್‌ಗಾಗಿ ಪದರ ಪದರವಾಗಿ ಸೀಳುವ ಸ್ಲೈಸರ್ ಸಾಫ್ಟ್‌ವೇರ್‌ನಲ್ಲಿ ತೆರೆದೆ. ಏನೂ ಕಾಣಲಿಲ್ಲ. ತೆರೆದುಕೊಂಡಿಲ್ಲವೇನೋ ಅಂತ ಮತ್ತೆ ತೆರೆದೆ. ಹೀಗೇ ಐದು ಸಲ. ಕೊನೆಗೆ ಹತ್ತಿರ ಹೋಗಿ ನೋಡಿದರೆ, ಸಾಸಿವೆ ಕಾಳಿನಷ್ಟೂ ಇಲ್ಲದ ಐದು ಬೆಂಚುಗಳು ಸಾಲಾಗಿ ಕೂತಿದ್ದವು.

ಎಸ್‌ಟಿಎಲ್ ಫೈಲಿಗೆ ಅಂಕಿ ಗೊತ್ತು, ಅದು ಇಂಚೋ ಮಿಲಿಮೀಟರೋ ಗೊತ್ತಿಲ್ಲ. ನಾನು ಬರೆದದ್ದು 0.69 ಇಂಚು. ಸ್ಲೈಸರ್ ಓದಿಕೊಂಡದ್ದು 0.69 ಮಿಲಿಮೀಟರ್. 25.4 ಪಟ್ಟು ಹಿಗ್ಗಿಸಿದ ಮೇಲೆ ಬೆಂಚು ಬೆಂಚಿನ ಹಾಗೆ ಕಂಡಿತು.

ಈ ಪ್ರಿಂಟರ್‌ನಲ್ಲಿ ವಸ್ತು ಬಾವಲಿಯ ಹಾಗೆ ತಲೆಕೆಳಗಾಗಿ ಬೆಳೆಯುತ್ತದೆ. ತೊಟ್ಟಿಯ ತುಂಬ ರೆಸಿನ್, ಕೆಳಗಿಂದ ಅದನ್ನು ಗಟ್ಟಿ ಮಾಡುವ ಯುವಿ ಬೆಳಕು, ಒಂದೊಂದು ಪದರ 0.05 ಮಿಲಿಮೀಟರ್. ಎತ್ತರ ಹೆಚ್ಚಾದರೆ ಮಾತ್ರ ಹೊತ್ತು ಜಾಸ್ತಿ. ಬೆಂಚು ಒಂದಾದರೂ ಅಷ್ಟೇ ಹೊತ್ತು, ಇಪ್ಪತ್ತಾದರೂ ಅಷ್ಟೇ. ಹಾಗಿದ್ದ ಮೇಲೆ ಯಾರು ತಾನೇ ಒಂದಕ್ಕೆ ನಿಲ್ಲಿಸುತ್ತಾರೆ? ಇಪ್ಪತ್ತು ಹಾಕಿದೆ.

ಮೊದಲ ಸಲ, ಬೆಂಚುಗಳು ಅಂಟಿಕೊಂಡು ಬರಬೇಕಾದ ತಟ್ಟೆ ಬರಿದಾಗಿಯೇ ಮೇಲೆ ಬಂತು. ಇಪ್ಪತ್ತೂ ತೊಟ್ಟಿಯ ತಳದ ಫಿಲ್ಮಿಗೆ ರೊಟ್ಟಿಯ ಹಾಗೆ ಅಂಟಿಕೊಂಡಿದ್ದವು. ತಟ್ಟೆಯ ಮಟ್ಟ ಸರಿಮಾಡಿ, ಮೊದಲ ಪದರಗಳಿಗೆ ಬೆಳಕು ಹೆಚ್ಚು ಹೊತ್ತು ಕೊಟ್ಟೆ. ಎರಡನೇ ಸಲ ಬೆಂಚುಗಳು ಬಂದವು. ಆದರೆ ಒಂದು ಇಂಚಿನ ಕಾಲು ಈ ಅಳತೆಯಲ್ಲಿ 0.29 ಮಿಲಿಮೀಟರ್. ಅದನ್ನು ಹಿಡಿದಿದ್ದ ಸಪೋರ್ಟ್ ಕಡ್ಡಿಗಳೇ ಕಾಲಿಗಿಂತ ದಪ್ಪ. ಕತ್ತರಿ ಹಿಡಿದು ಕೂತೆ. ಗಟ್ಟಿಯಾಗಿದ್ದದ್ದನ್ನೆಲ್ಲ ಕಾಲು ಅಂದುಕೊಂಡು ಉಳಿಸಿದೆ, ಬಡಕಲಾದದ್ದನ್ನೆಲ್ಲ ಕತ್ತರಿಸಿದೆ. ಏಳು ಬೆಂಚು ಮುಗಿದ ಮೇಲೆ ಗೊತ್ತಾಯಿತು, ಕಾಲೆಲ್ಲ ಕಸದ ಬುಟ್ಟಿಯಲ್ಲಿತ್ತು.

ಆಮೇಲೆ ಲೆಕ್ಕ ಬಿಟ್ಟು ಕಾಲನ್ನು 0.8ಕ್ಕೆ ದಪ್ಪ ಮಾಡಿದೆ. ಅಳತೆ ತಪ್ಪು, ನೋಟ ಸರಿ. ಹೋಗಲಿ, ಸ್ಕೇಲ್ ಹಿಡಿದು ಯಾರು ಬರುತ್ತಾರೆ? ಇದರ ನಡುವೆ ನೈಟ್ರೈಲ್ ಕೈಗವಸಿನ ಕಾಟ ಬೇರೆ. ಹಸಿ ರೆಸಿನ್ ಚರ್ಮಕ್ಕೆ ತಾಗಬಾರದು, ಅಲರ್ಜಿ ಹತ್ತಿಕೊಳ್ಳುತ್ತದೆ. ಅದಕ್ಕೇ ಏನೋ, ಕೈಗವಸು ಹಾಕಿದ ಕೂಡಲೇ ನನ್ನ ಮೂಗು ತುರಿಸಲು ಶುರು ಮಾಡುತ್ತದೆ.

ಅಂತೂ ಆಲ್ಕೋಹಾಲ್‌ನಲ್ಲಿ ತೊಳೆದು, ಯುವಿ ದೀಪಕ್ಕಿಟ್ಟು, ಬಣ್ಣ ಬಳಿದು, ಬೆಂಚುಗಳನ್ನು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಜೋಡಿಸಿದೆ. ಹೆಂಡತಿಯನ್ನು ಕರೆದು ತೋರಿಸಿದೆ. ಆಕೆ ಬಗ್ಗಿ ನೋಡಿದಳು.

"ರೀ, ಇವರೆಲ್ಲ ನಿಂತಿರೋ ಗೊಂಬೆಗಳಲ್ವಾ? ಕೂರೋರು ಯಾರು?"

ಆ ಮಾತು ಮರೆಯಲು ನೀರಿನ ಟ್ಯಾಂಕು ಮಾಡಿದೆ. ರೆಸಿನ್ ಉಳಿಯಲಿ ಅಂತ ಒಳಗೆ ಟೊಳ್ಳು ಬಿಟ್ಟೆ. ಟೊಳ್ಳು ಬಿಟ್ಟರೆ ಒಳಗಿನ ಹಸಿ ರೆಸಿನ್ ಇಳಿಯಲು ತೂತೂ ಬಿಡಬೇಕು. ಚೆಂದ ಕೆಡುತ್ತದೆ ಅಂತ ಬಿಡಲಿಲ್ಲ. ತುಕ್ಕಿನ ಬಣ್ಣ ಮಾತ್ರ ಬಹಳ ಶ್ರದ್ಧೆಯಿಂದ ಬಳಿದೆ.

ಮೂರು ವಾರ ಕಳೆದು ಗೆಳೆಯ ಬಂದ. ಬೆಂಚಿನ ಕಡೆ ಕಣ್ಣೂ ಹಾಯಿಸಲಿಲ್ಲ. ನೇರ ಟ್ಯಾಂಕಿನ ಹತ್ತಿರ ಹೋದ.

"ಲೋ, ಅಡಿಯಲ್ಲಿ ತೊಟ್ಟಿಕ್ಕೋ ಹಾಗೆ ಮಾಡಿದ್ದೀಯಲ್ಲೋ! ನಿಜವಾದ ನೀರಿನ ಹಾಗೇ ಹೊಳೀತಿದೆ!"

ನೋಡಿದೆ. ಟ್ಯಾಂಕಿನ ತಳ ಸೀಳಿತ್ತು. ಕೆಳಗೆ ಕೊಡೆಯಿಲ್ಲದೆ ನಿಂತಿದ್ದ ಪ್ರಯಾಣಿಕನ ತಲೆ ಪೂರ್ತಿ ಒದ್ದೆ. ಗೆಳೆಯನ ಬೆರಳು ಅಲ್ಲಿಗೇ ಹೋಗುತ್ತಿತ್ತು.

"ಮುಟ್ಟಬೇಡ!" ಅಂತ ಕೂಗಿ ಕೈಗವಸಿಗೆ ಓಡಿದೆ. ಮೂಗು ಆಗಲೇ ತುರಿಸುತ್ತಿತ್ತು.

"ಇಷ್ಟು ನಾಜೂಕಾ?" ಅಂದ ಅವನು, ಕೈ ಹಿಂದಕ್ಕೆಳೆದುಕೊಂಡು. "ಹೇಗೆ ಮಾಡಿದೆ ಅಂತ ನನಗೂ ಹೇಳಿಕೊಡೋ."