ಟಾಪ್ ಮಾಡೆಲೇ ತಗೊಳ್ಳಬೇಕೆಂದಿಲ್ಲ

ನಾಬ್ ತಿರುಗಿಸುವ ಎಸಿ ಇರುವ ಕಾರಿಗೆ ಮನೆಯಂಗಳದಲ್ಲೇ ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್, ಅಂದರೆ ಇಟ್ಟ ಡಿಗ್ರಿಯನ್ನು ತಾನೇ ಕಾಯ್ದುಕೊಳ್ಳುವ ಆಟೋ ಎಸಿ, ಕೂರಿಸಬಹುದು ಎಂದರೆ ಬೆಂಗಳೂರಿನ ನೆಂಟರದ್ದು ಒಂದೇ ಮಾತು: "ಅಷ್ಟು ಬೇಕಿದ್ದರೆ ಟಾಪ್ ಮಾಡೆಲೇ ತಗೊಳ್ಳಬಹುದಿತ್ತಲ್ಲ?" ಮಾತು ಚುಚ್ಚುತ್ತದೆ. ಕರ್ನಾಟಕದ ಗಡಿ ತಲಪಾಡಿಯಿಂದ ಈಚೆ, ಕೇರಳದ ಕಡೆ, ಕೇಳುವ ಪ್ರಶ್ನೆಯೇ ಬೇರೆ: "ಎರಡು ಮಾಡೆಲಿಗೂ ಎಸಿ ಬಾಕ್ಸ್ ಒಂದೇಯಾ?" ಗಲ್ಫಿನಲ್ಲಿ ಕಾರಿನ ಎಸಿ ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡು ಬಂದವರ ಊರಿದು. ಕೇಳಬೇಕಾದದ್ದು ಇದನ್ನೇ.

ಒಂದೇ ಕಾರಿನ ಕೆಳಗಿನ ಮತ್ತು ಮೇಲಿನ ಮಾಡೆಲುಗಳಿಗೆ ಎಷ್ಟೋ ಸಲ ಡ್ಯಾಶ್‌ಬೋರ್ಡಿನ ಒಳಗಿನ ಎಸಿ ಬಾಕ್ಸ್ ಒಂದೇ ಇರುತ್ತದೆ. ಗಾಳಿಯ ಫ್ಲ್ಯಾಪುಗಳನ್ನು ತಿರುಗಿಸುವ ಮೋಟರ್ ಕೂರಿಸುವ ಸ್ಕ್ರೂ ಗೂಟಗಳು ಅದರಲ್ಲಿ ಮೊದಲೇ ಇವೆಯೇ ಎಂದು ಟಾರ್ಚ್ ಬಿಟ್ಟು ನೋಡಿದರೆ ಸಾಕು. ಇದ್ದರೆ ಗ್ಯಾಸ್ ಲೈನನ್ನು ಮುಟ್ಟಲೇಬೇಕಾಗಿಲ್ಲ. ಕಂಪ್ರೆಸರ್, ಕೂಲಿಂಗ್ ಕಾಯಿಲ್, ಅದರ ಮೇಲಿನ ಥರ್ಮಿಸ್ಟರ್ (ಶಾಖ ಅಳೆಯುವ ಸೆನ್ಸರ್) ಎಲ್ಲ ಇದ್ದ ಹಾಗೇ ಇರುತ್ತವೆ. ಬೇಕಾಗುವುದು ಕಂಟ್ರೋಲ್ ಪ್ಯಾನೆಲ್, ಬಿಸಿ-ತಂಪು ಬೆರೆಸುವ ಫ್ಲ್ಯಾಪಿಗೂ ಗಾಳಿಯ ದಿಕ್ಕು ಬದಲಿಸುವ ಫ್ಲ್ಯಾಪಿಗೂ ಒಂದೊಂದು ಮೋಟರ್, ಬ್ಲೋವರಿನ ರೆಸಿಸ್ಟರ್ ಜಾಗಕ್ಕೆ ಅದರ ವೇಗ ಏರಿಳಿಸುವ ಪವರ್ ಮಾಡ್ಯೂಲ್, ಮತ್ತೆ ಕಾರಿನ ಒಳಗಿನ ಶಾಖ, ಹೊರಗಿನ ಶಾಖ, ಬಿಸಿಲು ಇವುಗಳಿಗೆ ಒಂದೊಂದು ಸೆನ್ಸರ್. ಎಲ್ಲವೂ ಅದೇ ಕಾರಿನ ಮೇಲಿನ ಮಾಡೆಲಿನವೇ ಆಗಬೇಕು. 25 ಡಿಗ್ರಿಯಲ್ಲಿ ಒಂದು ಸೆನ್ಸರ್ 10 ಕಿಲೋ ಓಂ ತೋರಿಸಿದರೆ ಇನ್ನೊಂದು 2 ಕಿಲೋ ಓಂ ಆಸುಪಾಸು ತೋರಿಸಬಹುದು. ಬೆರೆಸಿ ಹಾಕಿದರೆ ಪ್ಯಾನೆಲಿಗೆ ಸಿಗುವ ಲೆಕ್ಕವೇ ತಪ್ಪು.

ಬ್ಯಾಟರಿಯ ನೆಗೆಟಿವ್ ತೆಗೆದು ಹತ್ತು ನಿಮಿಷ ಕಾದ ಮೇಲೆಯೇ ಡ್ಯಾಶ್‌ಬೋರ್ಡಿಗೆ ಕೈ ಹಾಕಬೇಕು, ಅಲ್ಲೇ ಏರ್‌ಬ್ಯಾಗಿನ ವೈರುಗಳೂ ಇರುತ್ತವೆ. ಹಳೆಯ ನಾಬಿನ ಕೇಬಲ್ ಕಳಚಿ ಫ್ಲ್ಯಾಪನ್ನು ಬೆರಳಿನಲ್ಲಿ ಈ ಕೊನೆಯಿಂದ ಆ ಕೊನೆಗೆ ಆಡಿಸಿ ನೋಡಿ. ಬಿಗಿಯಾಗಿದ್ದರೆ ಮೋಟರಿನ ಪ್ಲಾಸ್ಟಿಕ್ ಗೇರ್ ಬೇಗ ಸವೆಯುತ್ತದೆ. ಬ್ಲೋವರ್ ಪೂರ್ತಿ ವೇಗದಲ್ಲಿ 15ರಿಂದ 20 ಆಂಪಿಯರ್ ಎಳೆಯುವುದರಿಂದ ಅದಕ್ಕೆ ದಪ್ಪ ವೈರ್, ಬೇರೆ ಫ್ಯೂಸ್. ಪವರ್ ಮಾಡ್ಯೂಲಿನ ಲೋಹದ ರೆಕ್ಕೆಗಳು ಬ್ಲೋವರಿನ ಗಾಳಿಯಲ್ಲೇ ಇರಬೇಕು. ಹೊರಗೆ ನೇತು ಹಾಕಿದರೆ ಸುಟ್ಟುಹೋಗುತ್ತದೆ. ಸೆನ್ಸರುಗಳ ಗ್ರೌಂಡ್ (ನೆಗೆಟಿವ್) ವೈರ್ ಪ್ಯಾನೆಲಿನ ಅದಕ್ಕೇ ಮೀಸಲಾದ ಪಿನ್ನಿಗೆ ಹೋಗಬೇಕು. ಕಾರಿನ ಲೋಹದ ಮೈಗೆ ಜೋಡಿಸಿದರೆ ಬ್ಲೋವರ್ ಜೋರಾದಾಗಲೆಲ್ಲ ರೀಡಿಂಗ್ ಅಲುಗಾಡುತ್ತದೆ.

ಹೆಚ್ಚಿನವರು ಸೋಲುವುದು ಒಳಗಿನ ಸೆನ್ಸರಿನಲ್ಲಿ. ಅದರ ಹಿಂದೆ ಒಂದು ಸಣ್ಣ ಪೈಪು ಎಸಿ ಬಾಕ್ಸಿಗೆ ಹೋಗುತ್ತದೆ. ಬ್ಲೋವರ್ ಓಡುವಾಗ ಆ ಪೈಪು ಕಾರಿನೊಳಗಿನ ಗಾಳಿಯನ್ನು ಸೆನ್ಸರಿನ ಮೇಲಿಂದ ಎಳೆದುಕೊಳ್ಳುತ್ತದೆ. ಇದನ್ನು ಬಿಟ್ಟುಬಿಟ್ಟರೆ ಸೆನ್ಸರ್ ಓದುವುದು ಡ್ಯಾಶ್‌ಬೋರ್ಡಿನ ಹಿಂದಿನ ಬಿಸಿಯನ್ನು. 25ಕ್ಕೆ ಇಟ್ಟರೂ ಕಾರು ಐಸ್ ಪೆಟ್ಟಿಗೆಯಾಗುತ್ತದೆ, ಆಮೇಲೆ ಎಲ್ಲರೂ ಬೈಯುವುದು ಪ್ಯಾನೆಲನ್ನು. ಹೊರಗಿನ ಸೆನ್ಸರ್ ಬಂಪರಿನ ಹಿಂದೆ, ಎಸಿಯ ಶಾಖವನ್ನು ಹೊರಗೆ ಬಿಡುವ ಕಂಡೆನ್ಸರಿನ ಬಿಸಿ ತಾಗದ ಕಡೆ ಇರಲಿ. ಬಿಸಿಲಿನ ಸೆನ್ಸರನ್ನು ಕತ್ತಲ ಶೆಡ್ಡಿನಲ್ಲಿ ಪರೀಕ್ಷಿಸಬೇಡಿ. ಚೆನ್ನಾಗಿದ್ದರೂ ಕೆಲವು ಕಾರು ದೋಷ ಎಂದೇ ತೋರಿಸುತ್ತವೆ.

ನಮ್ಮ ಕರಾವಳಿಗೆ ಇಷ್ಟಕ್ಕೇ ಮುಗಿಯುವುದಿಲ್ಲ. ಈ ಸೆನ್ಸರುಗಳು ಅಳೆಯುವುದು ಶಾಖವನ್ನು, ತೇವವನ್ನು ಅಲ್ಲ. ಆಟಿ ತಿಂಗಳ ಮಳೆಯಲ್ಲಿ ಹೊರಗೆ 26, ನೀವು ಇಟ್ಟದ್ದು 25 ಎಂದಾದರೆ ಪ್ಯಾನೆಲ್ ಕೆಲಸವೇ ಇಲ್ಲವೆಂದು ಬ್ಲೋವರ್ ಇಳಿಸುತ್ತದೆ, ಗಾಜು ಒಳಗಿನಿಂದ ಮಸುಕಾಗುತ್ತದೆ. ಆಗ ಕಂಪ್ರೆಸರ್ ಆನ್ ಇರಲಿ, ಹೊರಗಾಳಿ ಬರಲಿ, ಗಾಳಿ ಮುಂದಿನ ಗಾಜಿಗೆ ಹೋಗಲಿ. ಗಾಜಿಗೆ ಅತಿ ತಂಪು ಬಿಟ್ಟರೆ ಹೊರಮೈಯಲ್ಲೇ ನೀರು ಕೂರುತ್ತದೆ, ಅದಕ್ಕೆ ವೈಪರ್ ಬೇಕು. ವೈರುಗಳನ್ನು ಸುತ್ತಿ ಟೇಪ್ ಹಾಕಿದರೆ ಉಪ್ಪುಗಾಳಿಗೆ ಹಸಿರು ಹಿಡಿಯುತ್ತದೆ. ಬೆಸುಗೆ ಹಾಕಿ ಹೀಟ್‌ಶ್ರಿಂಕ್ ತೊಡಿಸಬೇಕು. ಸುಮಾರು 900 ಮೀಟರ್ ಎತ್ತರದಲ್ಲಿ ಕೂತ ಬೆಂಗಳೂರಿಗೆ ಇದು ತಿಳಿಯುವುದೂ ಕಷ್ಟ. ಅಲ್ಲಿ ವರ್ಷದ ಅರ್ಧ ದಿನ ಕಿಟಕಿ ಇಳಿಸಿದರೆ ಸಾಕು, ಆದರೂ ಕೊಳ್ಳುವಾಗ ಆಟೋ ಎಸಿ ಬೇಕು! ಇರುವ ಕಾರನ್ನೇ ಕೈಯಾರೆ ಮೇಲಿನ ಮಾಡೆಲಿಗೆ ಏರಿಸುವ ಹುಮ್ಮಸ್ಸು ಅಲ್ಲೂ ಇರಬೇಕಿತ್ತು ಅನಿಸುತ್ತದೆ.

ನೆಂಟರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಪ್ಯಾನೆಲ್ ಕ್ಯಾನ್ (CAN) ಲೈನಿನಲ್ಲಿ, ಅಂದರೆ ಕಾರಿನ ಕಂಪ್ಯೂಟರುಗಳನ್ನು ಜೋಡಿಸುವ ಡೇಟಾ ವೈರಿನಲ್ಲಿ, ಮಾತಾಡುವ ಹೊಸ ಕಾರುಗಳಲ್ಲಿ ಸ್ಕ್ಯಾನರ್ ಹಚ್ಚಿ ಕೋಡಿಂಗ್ ಬದಲಿಸದೆ ಅದು ಎಚ್ಚರವೇ ಆಗದಿರಬಹುದು. ವಾರಂಟಿ ಇರುವ ಕಾರನ್ನು ಮುಟ್ಟಬಾರದು. ಇಲ್ಲಿ ಸಿಗದ ಬಿಡಿಭಾಗಕ್ಕೆ ನಾವೂ ಹುಡುಕುವುದು ಬೆಂಗಳೂರಿನ ಜೆ.ಸಿ. ರಸ್ತೆಯನ್ನೇ. ಇನ್ನೊಂದನ್ನೂ ಒಪ್ಪಲೇಬೇಕು: ಯಾವ ಬಣ್ಣದ ವೈರ್ ಯಾವ ಪಿನ್ನಿಗೆ ಎಂದು ಬರೆದಿಡುವ ಅಭ್ಯಾಸ ಈ ಕಡೆಯ ಎಷ್ಟೋ ಮೆಕ್ಯಾನಿಕ್‌ಗಳಿಗೆ ಇಲ್ಲ. ಕೆಲಸ ಮಾಡಿಸಿಕೊಳ್ಳುವವರು ಅದನ್ನು ಕೇಳಿ ಬರೆಸಿಕೊಳ್ಳಬೇಕು, ಇಲ್ಲವಾದರೆ ಫ್ಯೂಸ್ ಹೋದ ದಿನ ಡ್ಯಾಶ್‌ಬೋರ್ಡ್ ಮತ್ತೆ ಪೂರ್ತಿ ಬಿಚ್ಚಬೇಕಾಗುತ್ತದೆ.