ಹಳೇ ಯುರೋಪಿನ ನಾದಕ್ಕೆ 17 ಮನೆಯ ಕೀಬೋರ್ಡ್ ಬೇಕಾ?

ಮಧ್ಯಯುಗದ ಯುರೋಪಿನ ಧಾಟಿಯಲ್ಲಿ ಇಂದು ಹೊಸ ಸಂಗೀತ ಕಟ್ಟುವವರು ಇದ್ದಾರೆ. ಅವರು ಪಿಯಾನೋದ 12 ಸಮಪಾಲು ಬಿಟ್ಟು ಒಂದು ಸ್ಥಾಯಿಯನ್ನು 17 ಅಥವಾ 29 ಸಮಪಾಲು ಮಾಡಿಕೊಳ್ಳಬೇಕೇ?

ಪರ

ಕೀಬೋರ್ಡಿನಲ್ಲಿ ಇ, ಜಿ ಶಾರ್ಪ್, ಸಿ ಶಾರ್ಪ್ ಮೂರನ್ನೂ ಒಟ್ಟಿಗೆ ಒತ್ತಿ. ಆಮೇಲೆ ಕೆಳಗಿನ ಇ ಒಂದು ಪೂರ್ಣ ಸ್ವರ (ಎರಡು ಮನೆ) ಇಳಿದು ಡಿ ಆಗಲಿ. ಮೇಲಿನೆರಡು ಅರ್ಧ ಸ್ವರ (ಒಂದು ಮನೆ) ಏರಿ ಎ ಮತ್ತು ಡಿ ಆಗಲಿ. 14ನೇ ಶತಮಾನದ ಫ್ರಾನ್ಸಿನಲ್ಲಿ ಗಿಯೋಮ್ ದ ಮಾಶೋನ ಹಾಡುಗಳು ಬಹಳ ಸಲ ನಿಲ್ಲುವುದು ಹೀಗೆ.

ಮೊದಲ ಗುಂಪು ಕಿವಿಗೆ ಚುಚ್ಚಬೇಕು. ಎರಡನೆಯದು ತಂಬೂರಿಯ ಸ-ಪ-ಸ ಥರ ತಣ್ಣಗೆ ಕೂರಬೇಕು. ಆ ಕಾಲದ ಕಿವಿಗೆ ಸ-ಗ (ಇಲ್ಲಿ ಇ-ಜಿ ಶಾರ್ಪ್) ನೆಮ್ಮದಿಯ ಜೋಡಿ ಆಗಿರಲಿಲ್ಲ, ಚಪ್ಪಲಿ ಮೆಟ್ಟಿ ಹೊರಡಲು ನಿಂತ ಜೋಡಿ. ಪಿಯಾನೋದಲ್ಲಿ ಮಾತ್ರ ಎರಡೂ ಒಂದೇ ಹದ. ಚುಚ್ಚೂ ಇಲ್ಲ, ತಂಪೂ ಇಲ್ಲ.

ಲೆಕ್ಕ ನೋಡಿ. ಒಂದು ಸ್ಥಾಯಿಗೆ 1200 ಸೆಂಟ್. ಪಿಯಾನೋದಲ್ಲಿ ಸ-ಗ 400 ಸೆಂಟ್. ಶುದ್ಧ ಸ-ಪಗಳನ್ನೇ ಒಂದರ ಮೇಲೊಂದು ಪೇರಿಸುವ ಪೈಥಾಗೊರಸ್ ಪದ್ಧತಿಯಲ್ಲಿ ಅದು 408. ಮಧ್ಯಯುಗದವರು ನಂಬಿದ್ದು ಇದನ್ನೇ. 29 ಪಾಲಿನಲ್ಲಿ ಅದು 414, 17 ಪಾಲಿನಲ್ಲಿ 424. ಅರ್ಧ ಸ್ವರ ಇದೇ ಸಾಲಿನಲ್ಲಿ ಚಿಕ್ಕದಾಗುತ್ತಾ ಬರುತ್ತದೆ: 100, 90, 83, 71. ಅಂದರೆ ಜಿ ಶಾರ್ಪ್ ಎ-ಯ ಹೊಸ್ತಿಲಲ್ಲೇ ನಿಂತಿರುತ್ತದೆ, ಒಳಗೆ ಬಿದ್ದೇಬಿಡುತ್ತದೆ ಅನ್ನಿಸುತ್ತದೆ.

ಇದು ಸುಮ್ನೆ ಇಂದಿನವರ ಚಪಲ ಅಲ್ಲ. 1318ರ ಆಸುಪಾಸಿನಲ್ಲಿ ಇಟಲಿಯ ಪಾದುವಾದ ಸಂಗೀತಶಾಸ್ತ್ರಜ್ಞ ಮಾರ್ಕೆತ್ತೊ ಒಂದು ಪೂರ್ಣ ಸ್ವರವನ್ನು ಐದು ಪಾಲು ಮಾಡಿದ. ಇಂಥ ಕಡೆ ಮೇಲಿನ ದನಿ ತಲುಪಬೇಕಾದ ಸ್ವರಕ್ಕೆ ತೀರ ಹತ್ತಿರ ಏರಬೇಕು ಅಂದ. 29 ಪಾಲಿನಲ್ಲಿ ಒಂದು ಪೂರ್ಣ ಸ್ವರಕ್ಕೆ ಸರಿಯಾಗಿ ಐದು ಹೆಜ್ಜೆ!

ಸಮಪಾಲೇ ಯಾಕೆ? ಯಾವ ಸ್ವರವನ್ನು ಸ ಮಾಡಿಕೊಂಡು ಹೊರಟರೂ ಸಾಲು ಎಲ್ಲೂ ಮುರಿಯುವುದಿಲ್ಲ. ಜೊತೆಗೆ 17ರಲ್ಲಿ ಒಂದು ಬೋನಸ್ ಇದೆ. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ 353 ಸೆಂಟಿನ ಇನ್ನೊಂದು ಗ ಸಿಗುತ್ತದೆ. ಮಾಶೋ ಇದನ್ನು ಬಳಸಲಿಲ್ಲ, ಸರಿ. ನಾವು ಮಾಶೋನ ನಕಲು ಮಾಡಲು ಕೂತಿಲ್ಲವಲ್ಲ.

ವಿರೋಧ

17 ಅಂದ ಕೂಡಲೇ ಹಳೇ ಕಾಲದ ವಾಸನೆ ಬರುತ್ತದೆ, ನಿಜ. 1413ರಲ್ಲಿ ಅದೇ ಪಾದುವಾದ ಪ್ರೊಸ್ದೋಚಿಮೊ ಒಂಟಿ ತಂತಿಯ ಮೇಲೆ ಸ್ಥಾಯಿಗೆ 17 ಸ್ವರ ಗುರುತು ಮಾಡಿದ. ಆದರೆ ಅವು ಶುದ್ಧ ಸ-ಪಗಳ ಸರಪಳಿಯಿಂದ ಬಂದವು, ಸಮ ಅಲ್ಲವೇ ಅಲ್ಲ. ಅವನ ಒಂದು ಪೂರ್ಣ ಸ್ವರದೊಳಗೆ 90, 23, 90 ಸೆಂಟಿನ ಮೂರು ತುಂಡು. ಸಮಪಾಲಿನವರು ಮೂರನ್ನೂ 71 ಮಾಡಿದರು. ಕೂದಲೆಳೆಯಷ್ಟಿದ್ದ ಸಂದು ಬಾಗಿಲಷ್ಟು ಅಗಲವಾಯಿತು.

ಇನ್ನು ಆ ತಣ್ಣಗೆ ಕೂರುವ ಸ-ಪ. ಶುದ್ಧವಾದದ್ದು 702 ಸೆಂಟ್. ಎಲ್ಲರೂ ಬೈಯುವ ಪಿಯಾನೋದ್ದು 700. 17ರದ್ದು 706. ತಂಪು ಬೇಕು ಅಂತ ಹೊರಟವರು ಎರಡರಷ್ಟು ತಪ್ಪನ್ನು ಮನೆಗೆ ತಂದರು, ಅಲ್ವಾ? 29 ವಾಸಿ, ಅದರ ತಪ್ಪು ಒಂದೂವರೆ ಸೆಂಟ್ ಅಷ್ಟೇ. 53 ಪಾಲಿನಲ್ಲಿ ತಪ್ಪು ಕಿವಿಗೆ ಸಿಗುವುದೇ ಇಲ್ಲ. ಆದರೆ 53 ಮನೆಯ ಮೇಲೆ ಬೆರಳು ಓಡಿಸುವವರು ಯಾರು?

ಮಾರ್ಕೆತ್ತೊನ ಐದು ಪಾಲು ಸಮವೇ ಎಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ಪ್ರೊಸ್ದೋಚಿಮೊ ಅಂತೂ ಅವನ ಲೆಕ್ಕವನ್ನೇ ಒಪ್ಪದೆ ಚೆನ್ನಾಗಿ ಝಾಡಿಸಿದ್ದಾನೆ.

ನನಗೆ ಅರ್ಥವಾಗದ್ದು ಬೇರೆಯೇ. ಎಲ್ಲಿಂದ ಬೇಕಾದರೂ ಹೊರಡುವ ಸೌಕರ್ಯ ಈ ಸಂಗೀತಕ್ಕೆ ಯಾಕೆ ಬೇಕು? ಆ ಹಾಡುಗಳು ಓಡಾಡುವುದು ಕೆಲವೇ ಸ್ವರಗಳ ಸುತ್ತ. 12 ಮನೆಗೆ ಹನ್ನೊಂದು ಶುದ್ಧ ಸ-ಪ ಕೂರಿಸಿ. ಹನ್ನೆರಡನೆಯದು 678 ಸೆಂಟಿಗೆ ಕುಗ್ಗಿ ಊಳಿಡುತ್ತದೆ. ಅದಕ್ಕೆ 'ತೋಳ' ಅಂತಲೇ ಹೆಸರು. ಅದನ್ನು ಯಾರೂ ಮುಟ್ಟದ ಮೂಲೆಗೆ ಕಟ್ಟಿಹಾಕಿದರಾಯಿತು.

ತೋಳವನ್ನು ಎಲ್ಲಿ ಕಟ್ಟುತ್ತೀರಿ ಅನ್ನುವುದರಲ್ಲೇ ಸೊಗಸಿದೆ. ಜಿ ಶಾರ್ಪ್ ಮತ್ತು ಇ ಫ್ಲಾಟ್ ನಡುವೆ ಇಟ್ಟರೆ ನಿಮ್ಮ ಇ-ಜಿ ಶಾರ್ಪ್ 408, ಮಾಶೋಗೆ ಬೇಕಾದ ಚುಚ್ಚು. 1440ರ ಹೊತ್ತಿಗೆ ವಾದ್ಯಗಳ ಬಗ್ಗೆ ಬರೆದ ಆರ್ನೋ ದ ಜ್ವೊಲೆ ಹೇಳಿದ ಹಾಗೆ ಬಿ ಮತ್ತು ಎಫ್ ಶಾರ್ಪ್ ನಡುವೆ ಇಟ್ಟರೆ ಅದೇ ಜೋಡಿ 384ಕ್ಕೆ ಇಳಿದು ಜೇನಾಗುತ್ತದೆ. ಸಿ-ಇ ಮಾತ್ರ 408ರಲ್ಲೇ ಉಳಿಯುತ್ತದೆ. ಒಂದೇ ಕೀಬೋರ್ಡಿನಲ್ಲಿ ಖಾರದ ಗ, ಸಿಹಿ ಗ ಎರಡೂ. ಸಮಪಾಲು ಮಾಡಿದರೆ ಎಲ್ಲದಕ್ಕೂ ಒಂದೇ ರುಚಿ. ಹಾಡಿಗೆ ತಕ್ಕ ಹಾಗೆ ತೋಳದ ಜಾಗ ಬದಲಿಸಿ, 12 ಮನೆಯ ಮೇಲೆಯೇ ನುಡಿಸಿ.