‘ಕಾದಲ್’ ಸಿನಿಮಾಕ್ಕೆ ಆ ಕೊನೆ ಬೇಕಿತ್ತಾ?

ಪರ: ಬೇಕೇ ಬೇಕಿತ್ತು

ಬಾಲಾಜಿ ಶಕ್ತಿವೇಲ್ ನಿರ್ದೇಶನದ ಈ ತಮಿಳು ಸಿನಿಮಾ ಬಂದದ್ದು 2004ರಲ್ಲಿ. ನಮ್ಮಲ್ಲಿ ಬಹಳ ಜನ ಈ ಕತೆ ನೋಡಿದ್ದು 2007ರ ‘ಚೆಲುವಿನ ಚಿತ್ತಾರ’ದಲ್ಲಿ.

ಮುರುಗನ್ ಮಧುರೈಯ ಟೂವೀಲರ್ ಮೆಕ್ಯಾನಿಕ್. ಐಶ್ವರ್ಯ ಸ್ಕೂಲಿಗೆ ಹೋಗುವ ಹುಡುಗಿ. ಅವಳ ಅಪ್ಪನಿಗೆ ದುಡ್ಡಿದೆ, ಆಳುಬಲವಿದೆ, ಜಾತಿಯ ಜಂಭವೂ ಇದೆ. ಇಬ್ಬರೂ ಚೆನ್ನೈಗೆ ಓಡಿಹೋಗಿ ಮದುವೆಯಾಗುತ್ತಾರೆ. ಹುಡುಕಿಕೊಂಡು ಬಂದ ಚಿಕ್ಕಪ್ಪ ನಯವಾಗಿ ಮಾತಾಡಿ ಊರಿಗೆ ಕರೆದುಕೊಂಡು ಹೋಗುತ್ತಾನೆ. ನನಗೆ ಹೊಡೆದಾಟಕ್ಕಿಂತ ಜಾಸ್ತಿ ಭಯವಾದದ್ದು ಆ ನಯಕ್ಕೆ. ಮನೆಯವರು ‘ಆಗಿದ್ದು ಆಯ್ತು, ಬನ್ನಿ’ ಅಂದರೆ ಯಾವ ಮಕ್ಕಳು ತಾನೇ ನಂಬುವುದಿಲ್ಲ?

ಊರು ಸೇರಿದ ಮೇಲೆ ಮುರುಗನ್‌ಗೆ ಏಟು ಬೀಳುತ್ತದೆ. ಅವನ ಜೀವ ಉಳಿಯಲಿ ಅಂತ ಅವಳು ತಾಳಿ ತೆಗೆಯುತ್ತಾಳೆ, ಬೇರೆ ಮದುವೆಗೆ ಒಪ್ಪುತ್ತಾಳೆ. ವರ್ಷಗಳ ನಂತರ ಗಂಡ, ಮಗುವಿನ ಜೊತೆ ಹೋಗುವಾಗ ಸಿಗ್ನಲ್ ಹತ್ತಿರ ಅವನು ಕಾಣುತ್ತಾನೆ, ಬುದ್ಧಿ ಕಳೆದುಕೊಂಡು ಅಲೆಯುತ್ತಾ.

ಇದರ ಬದಲು ಅಪ್ಪನ ಮನಸ್ಸು ಕರಗಿ, ಎಲ್ಲರೂ ಒಂದೇ ಫೋಟೋದಲ್ಲಿ ನಗುತ್ತಾ ನಿಂತಿದ್ದರೆ? ಶುದ್ಧ ಸುಳ್ಳಾಗುತ್ತಿತ್ತು. ಜಾತಿಯ ಸಿಟ್ಟು ಒಂದು ಹಾಡು ಮುಗಿಯುವಷ್ಟರಲ್ಲಿ ಇಳಿಯುವಂಥದ್ದಲ್ಲ.

ವಿರೋಧ: ಬೇಕಿರಲಿಲ್ಲ

ಆ ನೋವು ನಿಜ, ಒಪ್ಪುತ್ತೇನೆ. ಆದರೆ ಕೊನೆಗೆ ನಾವು ಮುರುಗನ್‌ಗಾಗಿ ಅಳುತ್ತೇವೆ, ಅವನನ್ನು ಆಸ್ಪತ್ರೆಗೆ ಸೇರಿಸುವ ಗಂಡನ ದೊಡ್ಡ ಮನಸ್ಸು ಮೆಚ್ಚುತ್ತೇವೆ. ಹೊಡೆಸಿದವರು ಅಷ್ಟರಲ್ಲಿ ಕತೆಯಿಂದ ಸುಮ್ನೆ ಜಾರಿಕೊಂಡಿರುತ್ತಾರೆ. ಐಶ್ವರ್ಯಳಿಗೆ ಉಳಿಯುವುದು ಅಳು ಮಾತ್ರ.

ಇನ್ನೊಂದು ಮಾತು. ಅವಳಿನ್ನೂ ಸ್ಕೂಲ್ ಹುಡುಗಿ. ಅಪ್ಪನ ಹಿಂಸೆ ಎಷ್ಟು ತಪ್ಪೋ, ಆ ವಯಸ್ಸಿನ ಮದುವೆಯನ್ನು ಸರಿ ಅನ್ನುವುದೂ ನನ್ನಿಂದ ಆಗದು.

2016ರಲ್ಲಿ ತಮಿಳುನಾಡಿನ ಉಡುಮಲಪೇಟೆಯಲ್ಲಿ, ಜಾತಿ ಮೀರಿ ಮದುವೆಯಾದ ಯುವಕನನ್ನು ಹಾಡಹಗಲೇ ಕೊಂದರು. ಜೊತೆಯಲ್ಲಿದ್ದ ಹೆಂಡತಿಗೂ ಏಟು ಬಿತ್ತು. ಆದರೆ ಅವಳು ಬದುಕಿ ಬಂದು, ಕೋರ್ಟಿನಲ್ಲಿ ಹೆತ್ತವರ ವಿರುದ್ಧವೇ ಸಾಕ್ಷಿ ಹೇಳಿದಳು. ಈ ಧೈರ್ಯವೂ ಅದೇ ನೆಲದ್ದು ಅಲ್ವಾ? ಇಂಥ ಜೋಡಿಗಳ ದೂರು ಕೇಳಲು ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ ಇರಬೇಕು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು.

ಮುರುಗನ್ ಕಾಲಕ್ಕೆ ಆ ಘಟಕ ಇರಲಿಲ್ಲ, ಸರಿ. ಪೊಲೀಸ್ ಠಾಣೆ ಇತ್ತಲ್ಲ? ಸಿಗ್ನಲ್‌ನಲ್ಲಿ ಅವನನ್ನು ಕಂಡ ಐಶ್ವರ್ಯ ಆ ಮೆಟ್ಟಿಲು ಹತ್ತಿ, ಅಪ್ಪನ ಹೆಸರು ಬರೆಸುವ ಒಂದು ಸೀನ್ ನನಗೆ ಬೇಕಿತ್ತು.